ಎಂಟನೆಯ ಗೀಟು

ಜೂನ್ ೩, ಸೋಮವಾರ

ಇವತ್ತಿನಿಂದ ನಾನು ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿನ ಮುಖ್ಯಸ್ಥೆಯಂತೆ. ಬರೆದು ನೋಡಿದರೂ ನಂಬಿಕೆ ಬರುತ್ತಿಲ್ಲ. ಹದಿನಾರು ವರ್ಷ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು, ಯಾರದೋ ಬಾಯಿಗೆ ಹೋಗುವ ಹಲ್ಲಿಗೆ ಬಣ್ಣ ಹಚ್ಚಿಕೊಂಡಿದ್ದವಳು ನಾನು. ಹಲ್ಲು ಮಾತಾಡುವುದಿಲ್ಲ, ಅದೇ ನನಗೆ ಇಷ್ಟ. ಹಳೆಯ ಮುಖ್ಯಸ್ಥರು ನಿವೃತ್ತರಾದರು. ಯಜಮಾನರು ಸುತ್ತ ಒಮ್ಮೆ ನೋಡಿ, "ನೀನು ಇವತ್ತಿನವರೆಗೆ ಯಾರ ಜೊತೆಗೂ ಜಗಳ ಆಡಿದವಳಲ್ಲ, ನೀನೇ ಆಗಮ್ಮಾ" ಅಂದರು. ನನಗೆ ಜಗಳ ಆಡಲು ಬರುವುದೇ ಇಲ್ಲ, ಅದನ್ನೇ ನೀವು ಗುಣ ಅಂದುಕೊಂಡಿದ್ದೀರಿ ಎಂದು ಹೇಳಬೇಕು ಅನ್ನಿಸಿತು. "ಆಯ್ತು" ಅಂದೆ.

ಕುರ್ಚಿಯಲ್ಲಿ ಸರಿಯಾಗಿ ಕೂತೂ ಇರಲಿಲ್ಲ, ಶುರುವಾಯಿತು. ನಮ್ಮಲ್ಲಿ ಪೂರ್ತಿ ಹಲ್ಲು ಸೆಟ್ ಎರಡು ಕೈ ದಾಟಿ ಬರುತ್ತದೆ. ಮೇಣದ ಮೇಷ್ಟ್ರು ಪ್ಲಾಸ್ಟರ್ ಅಚ್ಚಿನ ಮೇಲೆ ಮೇಣ ಹಾಸಿ ಒಂದೊಂದೇ ಹಲ್ಲು ಕೂರಿಸುತ್ತಾರೆ. ಮೇಣ ಕರಗಿಸಿ, ಅದರ ಜಾಗಕ್ಕೆ ಗುಲಾಬಿ ವಸಡು ತುಂಬಿ, ಅದು ಬೆಂದು ಗಟ್ಟಿಯಾದ ಮೇಲೆ ಪಾಲಿಶಕ್ಕ ಮೋಟಾರಿನ ಬ್ರಷ್ಷಿಗೆ ಹಿಡಿದು ಉಜ್ಜಿ ಹೊಳಪು ಕೊಡುತ್ತಾಳೆ. ಹದಿನಾಲ್ಕು ವರ್ಷದಿಂದ ಇಬ್ಬರೂ ಒಂದೇ ಮೇಜಿನ ಆಚೆ ಈಚೆ, ಎದುರುಬದುರು. ಹದಿನಾಲ್ಕು ವರ್ಷದಿಂದಲೂ ಜಗಳ.

"ಏನ್ರೀ ಮೇಷ್ಟ್ರೇ, ಇದು ಹಲ್ಲಾ, ಮುರಿದ ಬೇಲಿನಾ?"

"ನಿನ್ನ ಮೋಟಾರಿಗೆ ಕೊಟ್ರೆ ಬೇಲಿನೂ ಉಳಿಯಲ್ಲ. ಸುಮ್ನೆ ಉಜ್ಜಮ್ಮಾ!"

ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಪಾಲಿಶಕ್ಕನ ಗಂಟಲು ಬೀದಿಗೆ ಕೇಳುವಷ್ಟಾಗಿದೆ. ಮೇಷ್ಟ್ರದೂ ಕಮ್ಮಿ ಇಲ್ಲ. ಮೊದಲಾದರೆ ನಾನು ತಲೆ ತಗ್ಗಿಸಿ ಬಣ್ಣ ಹಚ್ಚುತ್ತಿದ್ದೆ. ಇವತ್ತು ಇಬ್ಬರೂ ನನ್ನ ಕಡೆ ನೋಡಿದರು. "ಆಮೇಲೆ ಮಾತಾಡೋಣ" ಅಂದೆ. ಆಮೇಲೆ ಅಂದರೆ ಯಾವಾಗ ಎಂದು ನನಗೂ ಗೊತ್ತಿರಲಿಲ್ಲ.

ಜೂನ್ ೫, ಬುಧವಾರ

ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿದೆ. ಮೊದಲು ಮೇಷ್ಟ್ರು. ನನಗೆ ಮೇಣದ ಚಾಕು ಹಿಡಿಯುವುದನ್ನು ಕಲಿಸಿದವರೇ ಅವರು. ಮುಕ್ಕಾಲು ಗಂಟೆ ಪಾಲಿಶಕ್ಕನ ಮೇಲೆ ದೂರು ಹೇಳಿದರು. "ನೀವು ಹೇಳೋದು ಸರಿ ಮೇಷ್ಟ್ರೇ" ಅಂದೆ. ಆಮೇಲೆ ಪಾಲಿಶಕ್ಕ. ಒಂದು ಗಂಟೆ ಮೇಷ್ಟ್ರ ಮೇಲೆ. "ನೀವು ಹೇಳೋದು ಸರಿ ಅಕ್ಕಾ" ಅಂದೆ. ಇಬ್ಬರೂ ನಗುತ್ತಾ ಹೊರಗೆ ಹೋದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಹಳೆಯ ಮುಖ್ಯಸ್ಥರು ಯಾಕಷ್ಟು ಕೂಗಾಡುತ್ತಿದ್ದರೋ!

ಜೂನ್ ೧೦, ಸೋಮವಾರ

ಹಳ್ಳಕ್ಕೆ ಬಿದ್ದೆ.

ನಾವೆಲ್ಲ ಕೂತು ಕೆಲಸ ಮಾಡುವ ಹಾಲ್‌ನ ಮಧ್ಯದಲ್ಲಿ, ಎಲ್ಲರೆದುರು, ಪಾಲಿಶಕ್ಕ: "ಮೇಡಂ ನನ್ನ ಕಡೆ ಇದಾರೆ, ಬೇಕಾದ್ರೆ ಕೇಳ್ರೀ!" ಮೇಷ್ಟ್ರು: "ಓಹೋ! ನಾನೇ ಸರಿ ಅಂತ ನನ್ನ ಮುಖ ನೋಡಿ ಹೇಳಿದಾಳೆ!" ಇಬ್ಬರೂ ಒಟ್ಟಿಗೆ ನನ್ನತ್ತ ತಿರುಗಿದರು. ಉಳಿದವರು ಕೈಯಲ್ಲಿದ್ದದ್ದು ಬಿಟ್ಟು ನೋಡುತ್ತಿದ್ದರು. ನಾನು ಫೋನು ಕಿವಿಗೆ ಹಿಡಿದು ಹಿತ್ತಲಿಗೆ ಹೋದೆ. ಯಾವ ಫೋನೂ ಬಂದಿರಲಿಲ್ಲ.

ಮನೆಯಲ್ಲಿ ಹೇಳಿಕೊಂಡೆ. ಇವರು ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವೂ ಬೈಸಿಕೊಂಡು ಬರುವ ಮನುಷ್ಯ, ಇವರಿಗೆ ಎಲ್ಲವೂ ತಮಾಷೆ. "ಇಬ್ಬರ ಜಗಳ ಮೂರನೆಯವರಿಗೆ ಲಾಭ ಅಂತಾರೆ. ನಿನಗೇನು ಸಿಕ್ತು?" ಅಂದರು. ತಲೆನೋವು ಅಂದೆ. ಅತ್ತೆ ಬಟ್ಟೆ ಮಡಿಸುತ್ತಾ ಕೂತಿದ್ದವರು, "ಒಂದೇ ಒರೆಯಲ್ಲಿ ಎರಡು ಕತ್ತಿ ಇಟ್ರೆ ಇನ್ನೇನಾಗುತ್ತೆ? ಬೇರೆ ಬೇರೆ ಇಡಬಾರದೇನೇ?" ಅಂದರು.

ಅತ್ತೆಯ ಮಾತು ಮೊದಲ ಸಲ ಪೂರ್ತಿ ಒಪ್ಪಿಗೆಯಾಯಿತು.

ಜೂನ್ ೧೧, ಮಂಗಳವಾರ

ಪಾಲಿಶ್ ಮೋಟಾರನ್ನು ಹಿಂದಿನ ಸಾಮಾನಿನ ಕೋಣೆಗೆ ಸಾಗಿಸಿದೆ. ಧೂಳು ಅಂತ ಕಾರಣ ಕೊಟ್ಟೆ, ಅದು ಸುಳ್ಳೂ ಅಲ್ಲ. ಇನ್ನು ಮುಂದೆ ಒಬ್ಬರಿಗೊಬ್ಬರು ಏನಾದರೂ ಹೇಳುವುದಿದ್ದರೆ ಸೆಟ್ಟಿನ ಜೊತೆ ಟ್ರೇಯಲ್ಲಿ ಹೋಗುವ ಚೀಟಿಯಲ್ಲಿ ಬರೆಯಬೇಕು ಎಂದೂ ಹೇಳಿದೆ. ಪಾಲಿಶಕ್ಕ ತನ್ನ ಬ್ರಷ್ಷುಗಳನ್ನು ಎತ್ತಿಕೊಂಡು ಹಿಂದೆ ಹೋದಳು. ಮೇಷ್ಟ್ರು "ಹ್ಞೂಂ" ಅಂದರು. ಬಾಗಿಲು ಮುಚ್ಚಿದೆವು.

ಜೂನ್ ೧೯, ಬುಧವಾರ

ಎಂಥ ಶಾಂತಿ! ಗೋಡೆ ಗಡಿಯಾರಕ್ಕೆ ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಯಜಮಾನರು ಬಂದು ಎರಡು ನಿಮಿಷ ಸುಮ್ಮನೆ ನಿಂತು, "ಭೇಷ್! ಇದು ನಮ್ಮ ಲ್ಯಾಬೇ ಹೌದಾ?" ಅಂದರು. ನನ್ನ ಕಿವಿ ಕೆಂಪಾಗಿರಬೇಕು.

ಮೇಷ್ಟ್ರಿಗೆ ಮಾತ್ರ ಮರೆವು ಶುರುವಾದಂತಿದೆ. ಎರಡು ಸಲ ತಲೆಯೆತ್ತಿ ಎದುರಿನ ಖಾಲಿ ಜಾಗಕ್ಕೆ ಏನೋ ಹೇಳಲು ಹೋದರು. ವಯಸ್ಸಾಯಿತು, ಪಾಪ. ಚೀಟಿಗಳಲ್ಲಿ ಇಬ್ಬರೂ ಏನೂ ಬರೆದಿಲ್ಲ, ಅಂದರೆ ದೂರಿಲ್ಲ ಎಂದಾಯಿತಲ್ಲ.

ಜೂನ್ ೨೭, ಗುರುವಾರ

ಈ ವಾರ ಹಲ್ಲಿನ ಡಾಕ್ಟರುಗಳಿಂದ ನಾಲ್ಕು ಸೆಟ್ ವಾಪಸ್. ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂರುತ್ತಿಲ್ಲವಂತೆ, ಬಾಯಲ್ಲಿ ಆಡುತ್ತದಂತೆ. ಒಬ್ಬ ಡಾಕ್ಟರು ಫೋನಿನಲ್ಲಿ ಅಂದದ್ದು: "ನನ್ನ ಪೇಷೆಂಟ್ ಒಬ್ಬ ಮುದುಕರು ಮೊಮ್ಮಗಳ ಎದುರು ನಗೋಕೆ ಹೋದ್ರು, ಹಲ್ಲು ಮಡಿಲಿಗೆ ಬಿತ್ತು." ಕ್ಷಮಿಸಿ ಅಂದೆ. ಇನ್ನೇನು ಅನ್ನಲಿ?

ನಮ್ಮಲ್ಲಿ ಗೀಟು ಪುಸ್ತಕ ಅಂತ ಒಂದಿದೆ. ಸೆಟ್ ವಾಪಸ್ ಬಂದರೆ ಯಾರ ಕೈಯಲ್ಲಿ ತಪ್ಪಾಯಿತೋ ಅವರ ಪುಟದಲ್ಲಿ ಮುಖ್ಯಸ್ಥರು ಒಂದು ಕೆಂಪು ಗೀಟು ಎಳೆಯಬೇಕು. ತಿಂಗಳ ಕೊನೆಗೆ ಯಜಮಾನರು ನೋಡುತ್ತಾರೆ. ಹಳೆಯ ಮುಖ್ಯಸ್ಥರು ಗೀಟು ಎಳೆಯುವ ಮುಂಚೆ ಇಬ್ಬರನ್ನೂ ನಿಲ್ಲಿಸಿಕೊಂಡು ಅರ್ಧ ದಿನ ಕೂಗಾಡುತ್ತಿದ್ದರು. ಮತ್ತೆ ಆ ರಾಮಾಯಣ ಯಾರಿಗೆ ಬೇಕು? ನಾಲ್ಕು ಸೆಟ್ಟನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಬಣ್ಣ ಆಗಿದ್ದರೆ ಹೇಳುತ್ತಿದ್ದೆ. ತಪ್ಪು ಕೂರಿಸಿದ್ದರಲ್ಲೋ ಉಜ್ಜಿದ್ದರಲ್ಲೋ ತಿಳಿಯಲಿಲ್ಲ. ಯಾರಿಗೂ ಅನ್ಯಾಯವಾಗಬಾರದೆಂದು ಮೇಷ್ಟ್ರಿಗೆ ಎರಡು, ಪಾಲಿಶಕ್ಕನಿಗೆ ಎರಡು ಎಳೆದೆ.

ಸರಿಯಲ್ಲವೇನೋ. ಆದರೆ ಸಮ ಅಂತೂ ಇದೆ.

ಜುಲೈ ೨, ಮಂಗಳವಾರ

ಇನ್ನೂ ನಾಲ್ಕು ಬಂದವು. ಒಟ್ಟು ಎಂಟು. ಮೇಷ್ಟ್ರಿಗೆ ನಾಲ್ಕು, ಪಾಲಿಶಕ್ಕನಿಗೆ ನಾಲ್ಕು.

ಯಜಮಾನರು ಪುಸ್ತಕ ನೋಡಿದರು. ಕೂಗಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. "ಹಳಬರು ಅಂತ ಇಷ್ಟು ದಿನ ಬಿಟ್ಟಿದ್ದೆ. ಇಬ್ಬರಲ್ಲಿ ಒಬ್ಬರ ಕೈ ಕೆಟ್ಟಿದೆ. ಹದಿನೈದನೇ ತಾರೀಕಿಗೆ ಒಬ್ಬರ ಹೆಸರು ಕೊಡು, ಮನೆಗೆ ಕಳಿಸ್ತೀನಿ" ಅಂದರು. "ನಾನಾ?" ಅಂದೆ. "ಮುಖ್ಯಸ್ಥೆ ನೀನಾ, ನಾನಾ?" ಅಂದರು.

ಮೇಷ್ಟ್ರಿಗೆ ನಿವೃತ್ತಿಗೆ ಎರಡು ವರ್ಷ ಇದೆ. ಬಣ್ಣ ಹಚ್ಚುವ ಮೇಜಿಗೆ ನನ್ನನ್ನು ಕೂರಿಸಿ ಎಂದು ಅಂದು ಹಟ ಹಿಡಿದವರು ಅವರೇ. ಪಾಲಿಶಕ್ಕ ಒಬ್ಬಳೇ ದುಡಿದು ಮಗಳನ್ನು ನರ್ಸಿಂಗ್ ಓದಿಸುತ್ತಿದ್ದಾಳೆ, ಇನ್ನೂ ಮೂರು ವರ್ಷ ಬಾಕಿ. ನಾನು ಪೆನ್ನಿನಲ್ಲಿ ಯಾವ ಹೆಸರು ಬರೆದರೆ ಅವರು ಮನೆಗೆ! ಅತ್ತ ದರಿ, ಇತ್ತ ಪುಲಿ. ಊಟ ಸೇರಲಿಲ್ಲ. ಇವರು ಏನಾಯಿತು ಎಂದು ಮೂರು ಸಲ ಕೇಳಿದರು, ಏನಿಲ್ಲ ಅಂದೆ.

ಜುಲೈ ೫, ಶುಕ್ರವಾರ

ಯಜಮಾನರೇ ನನ್ನನ್ನು ಒಂದು ದಿನದ ತರಬೇತಿಗೆ ಕಳಿಸಿದ್ದರು. "ನಾಯಕತ್ವ ಮತ್ತು ಸಂಘರ್ಷ ನಿರ್ವಹಣೆ." ಟೈ ಕಟ್ಟಿದ ತರಬೇತುದಾರರು ಪರದೆಯ ಮೇಲೆ ಬಾಣಗಳು, ವೃತ್ತಗಳು ತೋರಿಸಿದರು. ಮಧ್ಯಾಹ್ನ ಜೋಡಿ ಜೋಡಿಯಾಗಿ ಜಗಳದ ನಾಟಕ ಆಡಿಸಿದರು. ನನಗೆ ಸಿಟ್ಟಿನವಳ ಪಾತ್ರ. "ಇನ್ನೂ ಸ್ವಲ್ಪ ಕೋಪ ಬರಲಿ ಮೇಡಂ." "ಬರ್ತಾ ಇಲ್ಲ ಸಾರ್." "ಎದುರಿನವರು ನಿಮಗೆ ಮೋಸ ಮಾಡಿದಾರೆ ಅಂದ್ಕೊಳ್ಳಿ." ಎದುರಿದ್ದದ್ದು ಪಾಪದ ಹೆಂಗಸು, ಬಟ್ಟೆ ಅಂಗಡಿಯ ಮ್ಯಾನೇಜರ್. ನನಗೆ ನಗು ಬಂತು, ಆಕೆಗೂ ಬಂತು. ಪ್ರಮಾಣಪತ್ರ ಕೊಟ್ಟರು.

ವಾಪಸ್ ಬರುತ್ತಾ ಲ್ಯಾಬಿಗೆ ಹೊಕ್ಕು ಪಾಲಿಶಕ್ಕನ ಮೇಲೆ ಪ್ರಯೋಗ ಮಾಡಿದೆ. "ನಿಮ್ಮ ಭಾವನೆಗಳು ನನಗೆ ಅರ್ಥವಾಗ್ತಿವೆ ಅಕ್ಕಾ."

"ಭಾವನೆ ಆಮೇಲೆ ಅರ್ಥ ಮಾಡ್ಕೊಳಿ ಮೇಡಂ, ಮೊದಲು ಮೋಟಾರಿಗೊಂದು ಹೊಸ ಬೆಲ್ಟ್ ತರಿಸಿ."

ಹತ್ತು ದಿನ ಉಳಿದಿದೆ.

ಜುಲೈ ೯, ಮಂಗಳವಾರ

ಇವತ್ತು ಕಂಡದ್ದನ್ನು ಹೇಗೆ ಬರೆಯಲಿ ಎಂದೇ ತಿಳಿಯುತ್ತಿಲ್ಲ.

ಮಧ್ಯಾಹ್ನ ಕರೆಂಟ್ ಹೋಯಿತು. ಹಿಂದಿನ ಕೋಣೆ ಸೆಕೆ ಎಂದು ಪಾಲಿಶಕ್ಕ ಕೈ ಒರೆಸಿಕೊಳ್ಳುತ್ತಾ ಹಾಲಿಗೆ ಬಂದು, ತನ್ನ ಹಳೆಯ ಜಾಗದಲ್ಲಿ ಕೂತಳು. ಮೇಷ್ಟ್ರು ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದರು. ಇವಳು ಎರಡು ನಿಮಿಷ ಸೆರಗಿನಿಂದ ಗಾಳಿ ಹಾಕಿಕೊಂಡಳು, ಅಷ್ಟೇ.

"ಏನ್ರೀ ಇದು, ಬಲಗಡೆದು ಕುಡಿದು ನಿಂತ ಹಾಗಿದೆ!"

"ನಿನ್ನ ಕಣ್ಣು ಕುಡಿದಿದೆ."

"ನಾನು ಇಲ್ಲಿಂದ ನೋಡ್ತಿದೀನಿ ಸ್ವಾಮಿ, ನಿಮಗೆ ಹಿಂದಿನಿಂದ ಏನು ಕಾಣುತ್ತೆ, ಮಣ್ಣು?"

ಜಗಳ ನಿಲ್ಲಿಸಲು ಎದ್ದು ಹೊರಟೆ. ಅಷ್ಟರಲ್ಲಿ ಫೋನು, ಈ ಸಲ ನಿಜವಾಗಿಯೇ. ಎಲ್ಲರಿಗಿಂತ ಹೆಚ್ಚು ಕೆಲಸ ಕೊಡುವ ಡಾಕ್ಟರು, ಇಡಲೂ ಆಗದು. ಅವರ ಕೈಲಿ ಬೈಸಿಕೊಳ್ಳುತ್ತಾ ನಿಂತಲ್ಲೇ ನೋಡುತ್ತಿದ್ದೆ. ಮೇಷ್ಟ್ರು ಬೈಯುತ್ತಲೇ ಚಾಕು ಕಾಯಿಸಿದರು. ಬೈಯುತ್ತಲೇ ಹಲ್ಲನ್ನು ಅರ್ಧ ಅಕ್ಕಿಕಾಳಿನಷ್ಟು ಸರಿಸಿ, ಟ್ರೇಯನ್ನು ಇವಳ ಕಡೆ ತಿರುಗಿಸಿದರು. ಇವಳು ಇಲ್ಲ ಎಂದು ತಲೆಯಾಡಿಸಿ ಏನೋ ಅಂದಳು. ಅವರು ಅವಳ ಇಡೀ ವಂಶವನ್ನು ಬೈದು ಇನ್ನೊಂದಿಷ್ಟು ಸರಿಸಿದರು. "ಹಾಂ, ಹಾಗೆ. ಮುಂಚೆನೇ ಮಾಡೋಕೆ ಏನಾಗಿತ್ತು ರೋಗ?" ಅಂದಳು. ಕರೆಂಟ್ ಬಂತು. ಎದ್ದು ಹೋದಳು.

ಇದು ಜಗಳವೋ, ಕೆಲಸವೋ? ಎರಡೂ ಒಂದೇ ಹೇಗಾಗುತ್ತದೆ? ಜಗಳ ನಿಂತ ಮೇಲಲ್ಲವೇ ಕೆಲಸ ಚೆನ್ನಾಗಿ ಆಗಬೇಕಿತ್ತು?

ಜುಲೈ ೧೦, ಬುಧವಾರ

ಗೀಟು ಪುಸ್ತಕದ ಹಳೆಯ ಪುಟ ತೆಗೆದು ನೋಡಿದೆ. ಹೋದ ವರ್ಷ ಒಂದು ತಿಂಗಳಿಗೆ ಒಂದು ಗೀಟು, ತೀರಾ ಹೆಚ್ಚೆಂದರೆ ಎರಡು. ಜೂನ್ ಹನ್ನೊಂದರವರೆಗೂ ಹಾಗೆಯೇ ಇತ್ತು.

ಜೂನ್ ಹನ್ನೊಂದು. ನಾನು ಮೋಟಾರು ಸಾಗಿಸಿದ ದಿನ.

ಬೇರೆ ಏನಾದರೂ ಕಾರಣ ಇರಬಹುದು. ಮೇಣದ ಹೊಸ ಡಬ್ಬಿ ಬಂದಿತ್ತೇ ಎಂದು ನೋಡಿದೆ. ಬಂದಿರಲಿಲ್ಲ.

ಜುಲೈ ೧೧, ಗುರುವಾರ

ಪಾಲಿಶಕ್ಕನನ್ನು ಕೇಳಿದೆ, ತಪ್ಪು ಕಂಡರೆ ಚೀಟಿಯಲ್ಲಿ ಯಾಕೆ ಬರೆಯಲಿಲ್ಲ ಎಂದು. ಅವಳು ನನ್ನನ್ನೇ ನೋಡಿದಳು. "ನನಗೆ ಬರೋ ಹೊತ್ತಿಗೆ ಅದು ಬೆಂದು ಕಲ್ಲಾಗಿರುತ್ತೆ ಮೇಡಂ. ಮೇಣದಲ್ಲಿದ್ದಾಗ ಹೇಳಬೇಕು. ಮುಂಚೆ ಎದುರು ಕೂತಿರ್ತಿದ್ದೆ, ಜನ ಬಾಯಿ ನೋಡೋ ಹಾಗೆ ಮುಂದಿನಿಂದ ಕಾಣ್ತಿತ್ತು, ಬೈತಿದ್ದೆ. ಈಗ ಗೋಡೆಗೆ ಬೈಲಾ?"

ಮೇಷ್ಟ್ರ ಹತ್ತಿರ ಹೋದೆ. ಅವರು ಚಾಕು ಕೆಳಗಿಡಲಿಲ್ಲ. "ಅವಳ ಮೋಟಾರು ಕಿವಿಗೆ ಬೀಳ್ತಿದ್ರೆ ನನಗೆ ಗೊತ್ತಾಗೋದು. ದನಿ ದಪ್ಪ ಆಯ್ತು ಅಂದ್ರೆ ಒತ್ತಿ ಹಿಡಿದಿದಾಳೆ ಅಂತ. ಒತ್ತಿದ್ರೆ ಬಿಸಿ ಆಗುತ್ತೆ, ಬಿಸಿ ಆದ್ರೆ ಸೆಟ್ ಸೊಟ್ಟ. 'ಸುಡ್ತಿದೀಯ' ಅಂತ ಕೂಗ್ತಿದ್ದೆ. ಈಗ ಕೇಳಿಸಲ್ಲ."

"ಮೊದಲೇ ಹೇಳಬಾರದಿತ್ತಾ ಮೇಷ್ಟ್ರೇ?"

"ಕೇಳಿದ್ಯಾ?" ಅಂದರು. ಚಾಕು ಕಾಯಿಸುತ್ತಾ, "ಗೀಟು ಪುಸ್ತಕ ನೋಡಿದೆ. ನನಗೊಂದು ಅವಳಿಗೊಂದು, ನನಗೊಂದು ಅವಳಿಗೊಂದು. ಮಕ್ಕಳಿಗೆ ಪೆಪ್ಪರ್ಮೆಂಟ್ ಹಂಚಿದೀಯೇನಮ್ಮಾ?"

"ಯಾರಿಗೂ ಅನ್ಯಾಯ ಆಗಬಾರದು ಅಂತ..."

"ಇಬ್ಬರಿಗೂ ಆಯ್ತಲ್ಲ."

ಶೌಚಾಲಯಕ್ಕೆ ಹೋಗಿ ಅತ್ತು ಬಂದೆ. ನನಗೆ ನಾಚಿಕೆಯಾಗಿದೆ, ಬಹಳ ನಾಚಿಕೆಯಾಗಿದೆ. ಸಮಾಧಾನ ಮಾಡುತ್ತಿದ್ದೇನೆ ಅಂದುಕೊಂಡು ಇಷ್ಟು ದಿನ ತಿಪ್ಪೆ ಸಾರಿಸಿದ್ದೆ. ಆದರೂ ಒಂದು ಅರ್ಥವಾಗುತ್ತಿಲ್ಲ: ಅಷ್ಟು ಕೆಟ್ಟದಾಗಿ ಬೈದುಕೊಳ್ಳುವವರು ಒಬ್ಬರ ಕೆಲಸದ ಮೇಲೊಬ್ಬರು ಅಷ್ಟು ಕಣ್ಣು, ಕಿವಿ ಇಟ್ಟಿರುತ್ತಾರೆಯೇ? ನಾನು ಯಾರ ಕೆಲಸವನ್ನೂ ಹಾಗೆ ನೋಡಿದವಳಲ್ಲ.

ಜುಲೈ ೧೨, ಶುಕ್ರವಾರ

ಮೋಟಾರು ವಾಪಸ್ ಹಾಲಿಗೆ. ಹೊಸ ಬೆಲ್ಟ್ ಹಾಕಿಸಿದೆ. ಹನ್ನೊಂದು ಗಂಟೆಯ ಒಳಗೆ ಮೂರು ಜಗಳ. ಮೂರನೆಯದರಲ್ಲಿ ಇಬ್ಬರೂ ಹೇಳುವುದು ನನಗೇ ತಪ್ಪು ಅನ್ನಿಸಿತು. ಹೋಗಿ ಹೇಳಿದೆ. ಇಬ್ಬರೂ ಸೇರಿ ನನ್ನ ಬಾಯಿ ಮುಚ್ಚಿಸಿದರು. ತಲೆನೋವಿನ ಮಾತ್ರೆ ನುಂಗಿ ಕೂತೆ.

ಜುಲೈ ೧೫, ಸೋಮವಾರ

ಯಜಮಾನರು "ಹೆಸರು?" ಅಂದರು. ಇಲ್ಲ ಅಂದೆ. ಎಂಟು ಗೀಟೂ ತಪ್ಪು ಯಾರದೆಂದು ತಿಳಿಯದೆ ನಾನು ಎಳೆದದ್ದು, ಮೋಟಾರು ಸಾಗಿಸಿದ್ದು ನಾನು, ಅದರಿಂದಲೇ ಸೆಟ್‌ಗಳು ವಾಪಸ್ ಬಂದದ್ದು ಎಂದೆ.

"ಹಾಗಾದ್ರೆ ನಿನ್ನನ್ನೇ ಕಳಿಸಬೇಕಾ?"

"ಬೇಡ. ಕೆಲಸ ಈಗಷ್ಟೇ ಸ್ವಲ್ಪ ಅರ್ಥ ಆಗ್ತಾ ಇದೆ."

"ಎಲ್ಲರಿಗಿಂತ ಹೆಚ್ಚು ಕೆಲಸ ಕೊಡೋ ಆ ಡಾಕ್ಟರಿಗೆ ನಾನು ಏನು ಹೇಳ್ಲಿ? ಒಬ್ಬರನ್ನ ತೆಗೆದೆ ಅಂದ್ರೆ ಅವರ ಬಾಯಿ ಮುಚ್ಚುತ್ತೆ."

ಇಲ್ಲಿಂದ ಸ್ವಲ್ಪ ಮಾತಿಗೆ ಮಾತು ಬೆಳೆಯಿತು. ಪೂರ್ತಿ ನೆನಪಿಲ್ಲ. ಯಾರದೋ ಬಾಯಿ ಮುಚ್ಚಿಸಲು ಹದಿನಾಲ್ಕು ವರ್ಷ ದುಡಿದವರನ್ನು ಬೀದಿಗೆ ಹಾಕಿದರೆ ನಾಳೆ ಹಲ್ಲು ನೀವೇ ಕೂರಿಸುತ್ತೀರಾ ಎಂದೆ, ಅದು ನೆನಪಿದೆ. ಮೇಜಿನ ಮೇಲಿದ್ದ ಪುಸ್ತಕ ಕೆಳಗೆ ಬಿತ್ತು, ನನ್ನ ಕೈ ತಾಗಿರಬೇಕು. ಕೊನೆಗೆ ಅವರು ಕನ್ನಡಕ ತೆಗೆದು, "ಸರಿ ಮಾರಾಯ್ತಿ. ನಾಳೆ ಸಂಜೆಗೆ ಎಂಟು ಗೀಟು ನಿಜವಾಗಿ ಯಾರ್ಯಾರದು ಅಂತ ಹಾಳೆ ಕೊಡು. ನೋಡಿ ಹೇಳ್ತೀನಿ. ಒಬ್ಬರ ಕೈ ಕೆಟ್ಟಿದೆ ಅಂತ ಕಂಡ್ರೆ ಕಳಿಸೋದೇ" ಅಂದರು.

ಹೊರಗೆ ಬಂದರೆ ಎಲ್ಲರೂ ನಿಂತಿದ್ದಾರೆ, ಮೋಟಾರು ಆಫ್. ಪಾಲಿಶಕ್ಕ ಒಂದು ಲೋಟ ನೀರು ತಂದು ಕೈಗೆ ಕೊಟ್ಟಳು. ಯಾಕೋ ಗಂಟಲು ಕಟ್ಟಿದೆ. ಪಾಲಿಶ್ ಧೂಳು ಮತ್ತೆ ಹಾಲಿಗೆ ಬಂತಲ್ಲ, ಅದಕ್ಕೇ ಇರಬೇಕು.

ಜುಲೈ ೧೬, ಮಂಗಳವಾರ

ಬೆಳಿಗ್ಗೆ ಎಂಟು ಸೆಟ್, ಎಂಟು ಅಚ್ಚು ಮೇಜಿನ ಮೇಲೆ ಜೋಡಿಸಿ ಇಬ್ಬರನ್ನೂ ಕರೆದೆ. ಯಜಮಾನರು ಅಂದದ್ದನ್ನು ಮುಚ್ಚಿಡದೆ ಹೇಳಿದೆ. ಒಪ್ಪಿಕೊಂಡರೆ ಕೆಲಸ ಹೋದರೂ ಹೋದೀತು, ಮಾತು ಕೊಡಲು ನನ್ನ ಕೈಯಲ್ಲಿ ಏನೂ ಇಲ್ಲ, ಆದರೂ ನಿಜ ಬೇಕು ಎಂದೆ.

ಮೇಷ್ಟ್ರು ಮೊದಲ ಸೆಟ್ ಎತ್ತಿ ಅಚ್ಚಿಗೆ ಕೂರಿಸಿ ನೋಡಿದರು. "ನಂದು" ಅಂದರು. ಎರಡನೆಯದಕ್ಕೆ ಪಾಲಿಶಕ್ಕ, "ಇದು ನಿಮ್ಮದಲ್ಲ, ಕೊಡಿ ಇಲ್ಲಿ. ಸುಟ್ಟಿದೀನಿ, ನಂದು" ಅಂದಳು. ಆಮೇಲೆ ಕೇಳಬೇಕೇ! ಒಂದೊಂದಕ್ಕೂ ಕಾಲು ಗಂಟೆ ಕಿರುಚಾಟ. ನಾಲ್ಕನೆಯದು ತಮ್ಮದೆಂದು ಮೇಷ್ಟ್ರು ಒಪ್ಪಲಿಲ್ಲ. ಕೆಳಸಾಲಿನ ಅಂಚು ಬೆರಳಿಟ್ಟು ತೋರಿಸಿದೆ, ಆಗ ಒಪ್ಪಿದರು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರದು ಐದು, ಪಾಲಿಶಕ್ಕನದು ಎರಡು.

ಸಂಜೆ ಯಜಮಾನರು ಹಾಳೆ ಓದಿದರು. "ಐದು ಅವರದು ಅಂತ ಯಾರು ಹೇಳಿದ್ದು? ಅವಳಾ?" "ಇಲ್ಲ, ಅವರೇ. ಅವಳ ಎರಡು ಅವಳೇ ಹೇಳಿದ್ದು." ಇನ್ನೊಂದು ಸಲ ಓದಿದರು. ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡು, "ಇಂಥವರನ್ನ ಕಳಿಸಿ ಎಲ್ಲಿಂದ ತರೋದು? ಹೆಸರು ಬೇಡ ಹೋಗು. ಆ ಡಾಕ್ಟರ ಹತ್ತಿರ ನಾನೇ ಮಾತಾಡ್ತೀನಿ" ಅಂದರು. ಹೊರಗೆ ಬಂದು ಹೇಳಿದಾಗ ಮೇಷ್ಟ್ರು ಕೂತುಬಿಟ್ಟರು. ಪಾಲಿಶಕ್ಕ "ಅಯ್ಯೋ, ಇನ್ನೆರಡು ವರ್ಷ ಈ ಮುಖ ನೋಡ್ಬೇಕಾ!" ಅಂದು ಕಣ್ಣೊರೆಸಿಕೊಂಡಳು.

ಉಳಿದದ್ದು ಎಂಟನೆಯದು. ಅದು ಅವರದೂ ಅಲ್ಲ, ಇವಳದೂ ಅಲ್ಲವಂತೆ. ನನ್ನದಂತೆ! ಅದನ್ನು ಡಾಕ್ಟರಿಗೆ ಕಳಿಸಿದ ದಿನ ಇಬ್ಬರೂ ಎದುರಾಗದಿರಲಿ ಎಂದು ನಾನೇ ಪ್ಯಾಕ್ ಮಾಡಿದ್ದೆ, ಒದ್ದೆ ಹತ್ತಿ ಇಡದೆ ಡಬ್ಬಿಗೆ ಹಾಕಿದ್ದೆ, ಒಣಗಿ ಬಾಗಿತು ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಾರೆ. ನಾನು ಹತ್ತಿ ಇಟ್ಟಿದ್ದೆ. ಹಾಳೆಯಲ್ಲಿ ಅದರ ಮುಂದೆ "ಇನ್ನೂ ತೀರ್ಮಾನವಾಗಿಲ್ಲ" ಎಂದೇ ಬರೆದು ಕೊಟ್ಟೆ. ಕಾವಲುಗಾರ ಬೀಗ ಹಿಡಿದು ಬಾಗಿಲಲ್ಲಿ ಕೆಮ್ಮುವವರೆಗೂ ವಾದ ಮುಗಿಯಲಿಲ್ಲ. ನಾಳೆ ಅರ್ಧ ಗಂಟೆ ಬೇಗ ಹೋಗುತ್ತೇನೆ. ಅಚ್ಚು ಅವರ ಮುಂದಿಟ್ಟು, ಅದು ಯಾರದು ಎಂದು ತೋರಿಸದೆ ಬಿಡುವವಳಲ್ಲ.